ಕಲ್ಯಾಣದ ರೇವಿನಿಂದ ಪಶುಪತಿಯ ಬಾಗಿಲಿಗೆ

ಸೋಪಾರವೆಂಬ ಊರು ಇಂದು ವಸಯಿ ವಿರಾರಗಳ ಮನೆಸಾಲುಗಳ ನಡುವೆ ಅಡಗಿಹೋಗಿದೆ. 2014ರಲ್ಲಿ ಪಾಲ್ಘರ್ ಜಿಲ್ಲೆ ಪ್ರತ್ಯೇಕವಾಗುವವರೆಗೆ ಅದು ಥಾಣೆ ಜಿಲ್ಲೆಗೆ ಸೇರಿದ್ದಿತು. ಎರಡು ಸಹಸ್ರ ವರ್ಷಗಳ ಹಿಂದೆ ಪಶ್ಚಿಮ ಸಮುದ್ರದ ಪ್ರಸಿದ್ಧ ನೌಕಾಶ್ರಯಗಳಲ್ಲೊಂದಾಗಿ, ಶೂರ್ಪಾರಕವೆಂಬ ಹೆಸರಿನಿಂದ ಪುರಾಣಗಳಿಗೂ ಬೌದ್ಧ ಅವದಾನಗಳಿಗೂ ಪರಿಚಿತವಾಗಿದ್ದಿತು. 1882ರಲ್ಲಿ ಪಂಡಿತ ಭಗವಾನ್‌ಲಾಲ್ ಇಂದ್ರಜಿಯವರಿಗೆ ಅಲ್ಲಿ ಅಶೋಕನ ಎಂಟನೆಯ ಶಿಲಾಶಾಸನದ ಒಂದು ಒಡೆದ ಖಂಡ ದೊರೆಯಿತು. ಆ ಶಾಸನದ ತಾತ್ಪರ್ಯ ಇಷ್ಟು: ಹಿಂದಿನ ಅರಸರು ಬೇಟೆ ಮೊದಲಾದ ವಿನೋದಗಳಿಗಾಗಿ ವಿಹಾರಯಾತ್ರೆ ಹೊರಡುತ್ತಿದ್ದರು, ದೇವಾನಾಂಪ್ರಿಯನಾದ ಅಶೋಕನಾದರೋ ಪಟ್ಟಾಭಿಷಿಕ್ತನಾದ ಹತ್ತು ವರ್ಷಗಳ ಮೇಲೆ ಸಂಬೋಧಿಗೆ, ಎಂದರೆ ಬೋಧಿವೃಕ್ಷದ ನೆಲೆಗೆ, ಹೋಗಿಬಂದನು, ಅಂದಿನಿಂದ ಧರ್ಮಯಾತ್ರೆ ಮೊದಲಾಯಿತು, ಅದರಲ್ಲಿ ನಡೆಯತಕ್ಕದ್ದು ಬ್ರಾಹ್ಮಣ ಶ್ರಮಣರ ದರ್ಶನ, ದಾನ, ವೃದ್ಧರ ದರ್ಶನ, ಜಾನಪದರ ಭೇಟಿ ಮತ್ತು ಧರ್ಮವಿಚಾರ. ಈ ಪಟ್ಟಿಯನ್ನು ಗಮನವಿಟ್ಟು ಓದಿದವರಿಗೆ ಒಂದು ಸಂಗತಿ ಹೊಳೆಯದೆ ಇರದು. ಯಾತ್ರೆಯ ಫಲವಾಗಿ ಚಕ್ರವರ್ತಿಯು ಎಣಿಸಿದ್ದು ತಾನು ಕಂಡ ಮರವನ್ನಾಗಲಿ ಮಿಂದ ನದಿಯನ್ನಾಗಲಿ ಅಲ್ಲ, ಬಹುಮಟ್ಟಿಗೆ ತಾನು ಕಂಡ ಮನುಷ್ಯರನ್ನು.

ಡೊಂಬಿವಲಿ, ಕಲ್ಯಾಣ, ಥಾಣೆ, ನವಿಮುಂಬಯಿಗಳಲ್ಲಿ ನೆಲಸಿರುವ ನಮ್ಮ ಕನ್ನಡಿಗರಲ್ಲಿ ಕೆಲವು ದಶಕಗಳಿಂದ ಒಂದು ಪದ್ಧತಿ ಬೇರೂರಿದೆ. ನೌಕರಿಯಿಂದ ನಿವೃತ್ತರಾದವರು, ಮಕ್ಕಳ ಮದುವೆಗಳನ್ನು ಮುಗಿಸಿದವರು, ಭಜನಾಮಂಡಳಿಯ ಹೆಂಗಸರು, ಒಂದೇ ಕಟ್ಟಡದ ನಾಲ್ಕಾರು ದಂಪತಿಗಳು, ಹೀಗೆ ಮೂವತ್ತು ನಲವತ್ತು ಮಂದಿ ಒಂದು ತಂಡವಾಗಿ ಸೇರಿ, ಅಡಿಗೆಯವರನ್ನೂ ಜೊತೆಗೆ ಕಟ್ಟಿಕೊಂಡು, ಕಲ್ಯಾಣದ ನಿಲ್ದಾಣದಲ್ಲಿ ಗೋರಖಪುರದ ರೈಲನ್ನು ಹತ್ತಿ, ಸೋನೌಲಿಯ ಗಡಿಯನ್ನು ದಾಟಿ, ಲುಂಬಿನಿ, ಪೋಖರಾ, ಮುಕ್ತಿನಾಥ, ಕಠ್ಮಂಡುಗಳನ್ನು ಕಂಡುಬರುವುದು ಆ ಪದ್ಧತಿಯ ಸಾಮಾನ್ಯ ರೂಪ. ಶರೀರದಲ್ಲಿ ತ್ರಾಣವೂ ಕೈಯಲ್ಲಿ ಹಣವೂ ಉಳ್ಳವರು ಕೈಲಾಸ ಮಾನಸಸರೋವರಗಳವರೆಗೂ ಹೋಗುವುದುಂಟು. ನಾನೂ ಇಂಥ ತಂಡದೊಡನೆ ಹೋಗಿಬಂದವನು. ಬಂದವರನ್ನು ನೆಂಟರಿಷ್ಟರು ಕೇಳುವ ಪ್ರಶ್ನೆ ದರ್ಶನ ಚೆನ್ನಾಗಿ ಆಯಿತೇ ಎಂಬುದು. ಅದಕ್ಕಿಂತ ಕಠಿಣವಾದ ಇನ್ನೊಂದು ಪ್ರಶ್ನೆಯುಂಟು: ಹೋದ ಮನುಷ್ಯನೂ ಹಿಂದಿರುಗಿದ ಮನುಷ್ಯನೂ ಒಬ್ಬನೇಯೋ, ಅಥವಾ ನಡುವೆ ಏನಾದರೂ ಬೆಳೆದಿದೆಯೋ? ಈ ಪ್ರಶ್ನೆಯನ್ನು ವಿಚಾರಿಸುವುದಕ್ಕೆ ನಾವು ವಾಸಿಸುವ ನೆಲದ ಚರಿತ್ರೆಯೇ ಬಹಳ ಸಹಾಯ ಮಾಡುತ್ತದೆಂದು ನನಗೆ ತೋರುತ್ತದೆ. ಯಾತಕ್ಕೆಂದರೆ ಇದು ಯಾತ್ರಿಕರು ಹೊರಡುವ ಸ್ಥಾನವಾದದ್ದು ಇತ್ತೀಚೆಗೆ. ಯಾತ್ರಿಕರು ಬಂದು ತಂಗುವ ಸ್ಥಾನವಾಗಿದ್ದದ್ದು ಬಹು ಪೂರ್ವದಿಂದ.

ಶೂರ್ಪಾರಕದ ಪೂರ್ಣನೆಂಬ ವರ್ತಕನ ಕಥೆ ದಿವ್ಯಾವದಾನದಲ್ಲಿದೆ. ಅವನು ಸಮುದ್ರಯಾನದಲ್ಲಿದ್ದಾಗ ಅದೇ ಹಡಗಿನಲ್ಲಿದ್ದ ಶ್ರಾವಸ್ತಿಯ ವರ್ತಕರು ರಾತ್ರಿಯಲ್ಲಿಯೂ ಬೆಳಗಿನ ಜಾವದಲ್ಲಿಯೂ ಒಟ್ಟಾಗಿ ಬುದ್ಧವಚನಗಳನ್ನು ಪಠಿಸುತ್ತಿದ್ದರಂತೆ. ಅದು ಯಾರ ನುಡಿಯೆಂದು ಕೇಳಿ ತಿಳಿದ ಪೂರ್ಣನು ವ್ಯಾಪಾರವನ್ನು ಬಿಟ್ಟು ಶ್ರಾವಸ್ತಿಗೆ ಹೋಗಿ ಭಿಕ್ಷುವಾದನಂತೆ. ಇದು ಕಥೆಯಾದರೂ ಅದರೊಳಗಿನ ಅನುಭವ ಸತ್ಯವಾದದ್ದು. ಆತನನ್ನು ಬದಲಾಯಿಸಿದ್ದು ಕ್ಷೇತ್ರವಲ್ಲ, ಸಹಪ್ರಯಾಣಿಕರ ಕಂಠ.

ಉಲ್ಲಾಸ ನದಿಯ ಖಾರಿಯ ಮೇಲಿರುವ ಕಲ್ಯಾಣವನ್ನು ಒಂದನೆಯ ಶತಮಾನದ ಗ್ರೀಕ್ ನಾವಿಕಗ್ರಂಥವಾದ ಪೆರಿಪ್ಲಸ್ ಹೆಸರಿಸುತ್ತದೆ. ಆರನೆಯ ಶತಮಾನದ ಕಾಸ್ಮಸ್ ಎಂಬ ಕ್ರೈಸ್ತ ಪ್ರವಾಸಿಯು ಅಲ್ಲಿ ಪರ್ಷಿಯಾ ದೇಶದಿಂದ ನಿಯುಕ್ತನಾದ ಬಿಷಪ್ ಒಬ್ಬನಿದ್ದನೆಂದು ಬರೆದಿಟ್ಟಿದ್ದಾನೆ. ಕಲ್ಯಾಣದ ವರ್ತಕರೂ ಕುಶಲಕರ್ಮಿಗಳೂ ತಮ್ಮ ಗಳಿಕೆಯ ಒಂದು ಭಾಗವನ್ನು ಸಾಲ್ಸೆಟ್ಟೆಯ ನಡುಗಾಡಿನ ಕಾನ್ಹೇರಿ ಗುಹೆಗಳಿಗೆ ಕೊಟ್ಟ ಸಂಗತಿ ಅಲ್ಲಿಯ ಬ್ರಾಹ್ಮೀ ಶಾಸನಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಗುಹೆ, ನೀರಿನ ತೊಟ್ಟಿ, ಕಲ್ಲಿನ ಪೀಠ ಎಂಬ ಆ ದಾನಗಳೆಲ್ಲ ದೂರದಿಂದ ನಡೆದು ಬರುವ ಅಪರಿಚಿತನಿಗಾಗಿ ಮಾಡಿದವು.

ಕನ್ನಡಿಗನು ಕಾನ್ಹೇರಿಯಲ್ಲಿ ವಿಶೇಷವಾಗಿ ನಿಂತು ನೋಡತಕ್ಕ ಶಾಸನವೊಂದುಂಟು. ಅದು ಶಕವರ್ಷ 775ರದು, ಎಂದರೆ ಕ್ರಿ.ಶ. 853-54ರದು. ಮಾನ್ಯಖೇಟದಲ್ಲಿ ಆಗ ಆಳುತ್ತಿದ್ದವನು ಕವಿರಾಜಮಾರ್ಗದೊಡನೆ ನಾವು ನೆನೆಯುವ ನೃಪತುಂಗ ಅಮೋಘವರ್ಷ. ಅವನ ಸಾಮಂತನಾಗಿ ಕೊಂಕಣವನ್ನು ಆಳುತ್ತಿದ್ದವನು ಶಿಲಾಹಾರ ವಂಶದ ಕಪರ್ದಿ. ಈ ಇಬ್ಬರ ಆಳಿಕೆಯಲ್ಲಿ ಗೌಡದೇಶದಿಂದ, ಈಗಿನ ಬಂಗಾಳದಿಂದ, ಬಂದ ಅವಿಘ್ನಾಕರನೆಂಬ ಬೌದ್ಧೋಪಾಸಕನು ಭಿಕ್ಷುಗಳ ಧ್ಯಾನದ ಕೋಣೆಗಳಿಗೂ ವಸ್ತ್ರಗಳಿಗೂ ನೂರು ದ್ರಮ್ಮಗಳನ್ನು ಕೊಟ್ಟನೆಂದು ಆ ಶಾಸನ ಸಾರುತ್ತದೆ. ವೈದಿಕ ಜೈನ ಧರ್ಮಗಳಿಗೆ ಆಶ್ರಯವಾಗಿದ್ದ ಕನ್ನಡ ಸಾಮ್ರಾಜ್ಯದ ನೆರಳಿನಲ್ಲಿ, ಶೈವನಾದ ಸಾಮಂತನ ನಾಡಿನಲ್ಲಿ, ಬಂಗಾಳದ ಬೌದ್ಧ ಯಾತ್ರಿಕನೊಬ್ಬನು ನಿಶ್ಚಿಂತೆಯಿಂದ ಬಂದು ದಾನಮಾಡಿದನೆಂಬುದು ಯಾವ ದಿಗ್ವಿಜಯಕ್ಕಿಂತಲೂ ಕಡಿಮೆಯ ಕೀರ್ತಿಯಲ್ಲ. ಅದೇ ಗುಹೆಗಳಲ್ಲಿ 1009ರಲ್ಲಿಯೂ 1021ರಲ್ಲಿಯೂ ಪಹ್ಲವಿ ಲಿಪಿಯಲ್ಲಿ ಕೊರೆದ ಬರಹಗಳಿವೆ. ಅವು ಕಾನ್ಹೇರಿಯನ್ನು ನೋಡಲು ಒಟ್ಟಾಗಿ ಬಂದ ಜರಥುಷ್ಟ್ರಮತದವರ ಹೆಸರುಗಳ ಸಾಲು. ತಂಡವಾಗಿ ಬಂದವರು ತಮ್ಮ ತಂಡದ ಹೆಸರುಗಳನ್ನು ಬರೆದಿಟ್ಟ ಆ ಗೋಡೆಯನ್ನು ಕಂಡಾಗ, ಯಾತ್ರೆಯ ಸಂಘಭಾವನೆ ಎಷ್ಟು ಹಳೆಯದೆಂಬ ಅರಿವು ಮೂಡುತ್ತದೆ.

ಆತಿಥ್ಯವು ಮುರಿದುಬಿದ್ದ ಉದಾಹರಣೆಯೂ ಈ ನೆಲದಲ್ಲಿದೆ; ಅದನ್ನು ಮರೆಯುವುದು ಪ್ರಾಮಾಣಿಕತೆಯಲ್ಲ. 1321ರ ಏಪ್ರಿಲಿನಲ್ಲಿ, ಚೀನಾಕ್ಕೆ ಹೊರಟಿದ್ದ ನಾಲ್ವರು ಫ್ರಾನ್ಸಿಸ್ಕನ್ ಸಂಪ್ರದಾಯದವರು, ಇಟಲಿಯ ಮೂವರೂ ಟಿಫ್ಲಿಸ್ ಪಟ್ಟಣದ ಒಬ್ಬನೂ, ಥಾಣೆಯಲ್ಲಿ ಇಳಿದು, ಅಲ್ಲಿಯ ಕ್ರೈಸ್ತ ಗೃಹಸ್ಥನೊಬ್ಬನ ಮನೆಯಲ್ಲಿ ತಂಗಿದ್ದು, ಮತವಿಚಾರದ ವಾದಕ್ಕೆ ಸಿಕ್ಕಿ, ಅಧಿಕಾರಿಗಳ ಕೈಯಿಂದ ಹತರಾದರು. ಅವರ ಸಂಗಾತಿಯಾಗಿದ್ದ ಜೋರ್ಡಾನಸ್ ಶವಗಳನ್ನು ಸೋಪಾರದಲ್ಲಿ ಹೂಳಿದನು. ಸ್ವಲ್ಪ ಕಾಲದ ಮೇಲೆ ಅಲ್ಲಿಗೆ ಬಂದ ಓಡೋರಿಕ್ ಎಂಬ ಸಂನ್ಯಾಸಿಯು ಆ ಅಸ್ಥಿಗಳನ್ನು ತೆಗೆದು, ಗಂಟುಕಟ್ಟಿಕೊಂಡು, ಚೀನಾದ ಜಯ್ತೂನ್ ಬಂದರಿನ ತಮ್ಮ ಮಠದವರೆಗೆ ಹೊತ್ತುಕೊಂಡು ಹೋದನು. ಗೆಳೆಯರು ಮುಗಿಸಲಾರದ ಯಾತ್ರೆಯನ್ನು ಅವರ ಪರವಾಗಿ ಮುಗಿಸಿದ ಆ ಕರ್ಮದಲ್ಲಿ ಎಂಥ ನಿಷ್ಠೆಯಿದೆಯೆಂಬುದನ್ನು ಮತಭೇದವಿಲ್ಲದೆ ಯಾರಾದರೂ ಅರಿಯಬಹುದು. ಯಾತ್ರಿಕನ ಪ್ರಾಣವು ಅನ್ಯರ ದಯೆಯ ಮೇಲೆ ನಿಂತಿರತಕ್ಕದ್ದೆಂಬ ಸತ್ಯವನ್ನು ಕಾನ್ಹೇರಿಯ ದಾನಗಳು ಒಂದು ಕಡೆಯಿಂದ ಹೇಳಿದರೆ, ಥಾಣೆಯ ಈ ವಧೆ ಮತ್ತೊಂದು ಕಡೆಯಿಂದ ಹೇಳುತ್ತದೆ.

ನಮ್ಮವರು ಈ ಪ್ರದೇಶಕ್ಕೆ ಬಂದದ್ದು ಯಾತ್ರೆಗಾಗಿ ಅಲ್ಲ, ಹೊಟ್ಟೆಪಾಡಿಗಾಗಿ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಥಾಣೆಗೆ ಮೊದಲ ರೈಲು ಓಡಿತು. ಮರುವರ್ಷ ಹಳಿ ಕಲ್ಯಾಣವನ್ನು ಮುಟ್ಟಿತು. ಕರಾವಳಿಯ ಹುಡುಗರು ಮಂಗಳೂರಿನ ಹಡಗುಗಳಲ್ಲಿ ಮುಂಬಯಿಗೆ ಬಂದು, ಹೋಟೆಲುಗಳಲ್ಲಿ ದುಡಿದು, ರಾತ್ರಿಶಾಲೆಗಳಲ್ಲಿ ಓದಿ, ಗಿರಣಿ, ಬ್ಯಾಂಕು, ಕಚೇರಿಗಳಲ್ಲಿ ಸ್ಥಾನ ಕಂಡುಕೊಂಡರು. ನಗರದೊಳಗೆ ಮನೆ ಹಿಡಿಯುವುದು ದುಸ್ತರವಾದಾಗ ಹಳಿಯ ಉದ್ದಕ್ಕೂ ಹೊರಸರಿದು ಥಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ನೆಲಸಿದರು. 1970ರಲ್ಲಿ ನಗರನಿರ್ಮಾಣ ಸಂಸ್ಥೆಯಾದ ಸಿಡ್ಕೋ ಸ್ಥಾಪಿತವಾಗಿ ಖಾರಿಯ ಆಚೆ ನವಿಮುಂಬಯಿ ತಲೆಯೆತ್ತಿದಾಗ ವಾಶಿ, ನೆರೂಲುಗಳಿಗೂ ಹಬ್ಬಿದರು. ಆ ಹೊಸ ನಗರದ ಗೋಡೆಗಳನ್ನು ಕಟ್ಟಿದ ಕೈಗಳಲ್ಲಿ ವಿಜಯಪುರ ಕಲಬುರಗಿಗಳ ಕೂಲಿಕಾರರ ಕೈಗಳೂ ಸೇರಿದ್ದವು. ಡೊಂಬಿವಲಿಯ ಕರ್ನಾಟಕ ಸಂಘವು ಮಂಜುನಾಥ ವಿದ್ಯಾಲಯವನ್ನು ನಡೆಸಿಕೊಂಡು ಬಂದಿದೆ; 1925ರಲ್ಲಿ ಹುಟ್ಟಿ ಸಯಾನಿನ ಗೋಕುಲವನ್ನು ಕೇಂದ್ರವಾಗಿ ಮಾಡಿಕೊಂಡ ಬಿ.ಎಸ್.ಕೆ.ಬಿ. ಸಂಸ್ಥೆಯು ನೆರೂಲಿನಲ್ಲಿ ವೃದ್ಧರಿಗೆ ‘ಆಶ್ರಯ’ವನ್ನು ಕಟ್ಟಿದೆ. ಶನಿವಾರದ ಭಜನೆ, ನವರಾತ್ರಿಯ ಪೂಜೆ, ಯಕ್ಷಗಾನದ ಆಟ ಇವುಗಳಿಂದ ಹೊರನಾಡಿನಲ್ಲಿ ಒಂದು ಊರು ಕಟ್ಟಿಕೊಂಡವರಿಗೆ ಒಟ್ಟಾಗಿ ಯಾತ್ರೆ ಹೊರಡುವುದು ಸಹಜವಾದ ಮುಂದಿನ ಹೆಜ್ಜೆಯಾಯಿತು.

ಆ ಹೆಜ್ಜೆಗೆ ಹಿನ್ನೆಲೆಯಾಗಿ ಕಾಶೀಯಾತ್ರೆಯ ಸಂಪ್ರದಾಯವಿದ್ದಿತು. ರೈಲು ಬರುವ ಮೊದಲು ಕಾಶಿಗೆ ಹೊರಟವನು ಸಾಲಗಳನ್ನು ತೀರಿಸಿ, ಮನೆಯ ಭಾರವನ್ನು ಮಕ್ಕಳಿಗೆ ಒಪ್ಪಿಸಿ, ಜಗಳವಾಡಿದವರ ಮನೆಗೂ ಹೋಗಿ ಕ್ಷಮೆ ಕೇಳಿ ಹೊರಡಬೇಕಾಗಿದ್ದಿತು, ತಿರುಗಿ ಬರುವ ಭರವಸೆ ಯಾರಿಗೂ ಇರಲಿಲ್ಲವಾದುದರಿಂದ. ಬಂದ ಮೇಲೆ ಬೆಸುಗೆ ಹಾಕಿದ ಗಿಂಡಿಯೊಳಗಣ ಗಂಗೆಗೆ ಪೂಜೆ, ಊರವರಿಗೆಲ್ಲ ಸಮಾರಾಧನೆ. ಯಾತ್ರೆ ಪೂರ್ಣವಾಗುತ್ತಿದ್ದದ್ದು ವಿಶ್ವನಾಥನ ಎದುರಿನಲ್ಲಲ್ಲ, ತನ್ನ ಮನೆಯ ಪಂಕ್ತಿಯಲ್ಲಿ. ಸಮುದ್ರವನ್ನು ದಾಟುವುದಕ್ಕೆ ಶಾಸ್ತ್ರದ ನಿಷೇಧವಿದ್ದ ಕಾಲದಲ್ಲಿಯೂ ನೇಪಾಳಕ್ಕೆ ಅಡ್ಡಿಯಿರಲಿಲ್ಲ. ಅದು ನಡೆದು ಮುಟ್ಟಬಹುದಾದ ಪರದೇಶ. 1950ರ ಜುಲೈ 31ರಂದು ಭಾರತ ನೇಪಾಳಗಳ ನಡುವೆ ಆದ ಒಪ್ಪಂದವು ಎರಡು ದೇಶಗಳ ಪ್ರಜೆಗಳಿಗೆ ಪರಸ್ಪರ ಸಂಚಾರದ ಸ್ವಾತಂತ್ರ್ಯವನ್ನು ದೃಢಪಡಿಸಿದ ಕಾರಣ, ಸಾಧಾರಣ ಗೃಹಸ್ಥನಿಗೂ ವೀಸಾದ ಚಿಂತೆಯಿಲ್ಲದೆ ಕೈಗೆಟಕುವ ವಿದೇಶವೆಂದರೆ ಅದೇ ಆಯಿತು.

ಅಲ್ಲಿಗೆ ಹೋದ ಕನ್ನಡಿಗನು ಆಶ್ಚರ್ಯಪಡುವ ಸಂಗತಿಗಳು ಒಂದೆರಡಲ್ಲ. ಬಾಗ್ಮತೀ ತೀರದ ಪಶುಪತಿನಾಥನ ಚತುರ್ಮುಖ ಲಿಂಗವನ್ನು ಮುಟ್ಟಿ ಪೂಜಿಸುವ ಅಧಿಕಾರ ಮೂಲಭಟ್ಟರಿಗೂ ಅವರೊಡನಿರುವ ನಾಲ್ವರು ಭಟ್ಟರಿಗೂ ಮಾತ್ರ. ಈ ಭಟ್ಟರು ನಮ್ಮ ಕರ್ನಾಟಕದ ಕರಾವಳಿಯವರು. ಶಂಕರಾಚಾರ್ಯರು ಈ ವ್ಯವಸ್ಥೆಯನ್ನು ಮಾಡಿದರೆಂದು ಸಂಪ್ರದಾಯ ಹೇಳುತ್ತದೆ. ಮಲ್ಲ ಅರಸರ ಕಾಲದಿಂದ ದಕ್ಷಿಣದ ಭಟ್ಟರು ಅಲ್ಲಿ ನೆಲೆನಿಂತರೆಂಬುದು ಚರಿತ್ರೆಯ ಮಾತು. ಅವರಿಗೆ ನೆರವಾಗಿ ನಿಲ್ಲುವವರು ಅಲ್ಲಿಯವರೇ ಆದ ಭಂಡಾರಿಗಳು. 2008-09ರಲ್ಲಿ, ರಾಜಪ್ರಭುತ್ವವು ಹೋಗಿ ಗಣರಾಜ್ಯ ಬಂದ ಹೊಸತರಲ್ಲಿ, ಈ ಪದ್ಧತಿಯ ಮೇಲೆ ತೀವ್ರವಾದ ವಿವಾದವೆದ್ದು, ನ್ಯಾಯಾಲಯದ ವರೆಗೂ ಹೋಗಿ, ಭಟ್ಟರ ಮೇಲೆ ಕೈಮಾಡುವ ಮಟ್ಟಕ್ಕೂ ಮುಟ್ಟಿ, ಕೊನೆಗೆ ಪೂಜೆಯು ಹಳೆಯ ಕ್ರಮದಲ್ಲಿಯೇ ಮುಂದುವರಿಯಿತು. ಒಂದು ದೇಶವು ತನ್ನ ಇಷ್ಟದೈವದ ಗರ್ಭಗುಡಿಯನ್ನು ಶತಮಾನಗಳ ಕಾಲ ಪರದೇಶದವನ ಕೈಗೆ ಒಪ್ಪಿಸಿರುವುದಕ್ಕಿಂತ ದೊಡ್ಡ ವಿಶ್ವಾಸವನ್ನು ನಾನು ಕೇಳಿಲ್ಲ. ಕಠ್ಮಂಡುವಿನಲ್ಲಿ ಕನ್ನಡವನ್ನು ಕೇಳಿ ನಮ್ಮ ತಂಡದವರ ಕಣ್ಣು ತುಂಬಿತು. ಆದರೆ ಆ ಅಭಿಮಾನದ ಹಿಂದೆ ನಿಂತಿರುವುದು ನೇಪಾಳಿಗರ ಔದಾರ್ಯವೆಂಬುದನ್ನು ಮನಸ್ಸಿಗೆ ತಂದುಕೊಂಡವರಿಗೆ ಹೆಮ್ಮೆಯ ಜೊತೆಗೆ ವಿನಯವೂ ಹುಟ್ಟಬೇಕು.

ಇದಕ್ಕೂ ಹಿಂದಿನದು ಕರ್ಣಾಟವಂಶದ ಕಥೆ. ಕಲ್ಯಾಣದ ಚಾಲುಕ್ಯರ ಉತ್ತರದ ದಂಡಯಾತ್ರೆಗಳ ಜೊತೆಯಲ್ಲಿ ಹೋದ ಸೇನಾನಿಗಳ ಕುಲದವನೆಂದು ವಿದ್ವಾಂಸರು ಎಣಿಸುವ ನಾನ್ಯದೇವನು 1097ರಲ್ಲಿ ಮಿಥಿಲೆಯಲ್ಲಿ ರಾಜ್ಯವನ್ನು ಸ್ಥಾಪಿಸಿದನು; ಅವನ ರಾಜಧಾನಿಯಾದ ಸಿಮ್ರೌನಗಢದ ಅವಶೇಷಗಳು ಇಂದು ನೇಪಾಳದ ಬಾರಾ ಜಿಲ್ಲೆಯಲ್ಲಿವೆ. ಆ ವಂಶದ ಹರಿಸಿಂಹದೇವನು 1324-25ರಲ್ಲಿ ಘಿಯಾಸುದ್ದೀನ್ ತುಘಲಕನ ದಾಳಿಗೆ ಸೋತು ಬೆಟ್ಟಗಳ ಕಡೆಗೆ ಓಡಿಹೋಗಬೇಕಾಯಿತು. ಅವನ ಪರಿವಾರಕ್ಕೆ ನೇಪಾಳದ ಕಣಿವೆ ಆಶ್ರಯವಿತ್ತಿತು. ಮುಂದೆ ಮಲ್ಲ ಅರಸರು ತಮ್ಮ ವಂಶಾವಳಿಯನ್ನು ಈ ಕರ್ಣಾಟಕುಲಕ್ಕೆ ಜೋಡಿಸಿಕೊಂಡರು. ಆ ಚಾಲುಕ್ಯರ ಕಲ್ಯಾಣ ಬೀದರಿನ ಬಸವಕಲ್ಯಾಣ, ನಮ್ಮ ಕಲ್ಯಾಣ ಬೇರೆ. ಆದರೂ ಕರ್ನಾಟಕದಿಂದ ಹೊರಟವರಿಗೆ ಹಿಮಾಲಯದ ತಪ್ಪಲು ಆಶ್ರಯವಿತ್ತ ಋಣ ಎಲ್ಲ ಕನ್ನಡಿಗರದೂ ಹೌದು.

ಮುಕ್ತಿನಾಥದ ವಿಷಯ ಇನ್ನೊಂದು ಬಗೆಯದು. ಸುಮಾರು 3,700 ಮೀಟರು ಎತ್ತರದಲ್ಲಿ, ಗುಡಿಯ ಹಿಂದೆ ಅರ್ಧವೃತ್ತದಲ್ಲಿ ಸಾಲಾಗಿ ಸುರಿಯುವ 108 ಶೀತಲ ಧಾರೆಗಳ ಕೆಳಗೆ ಯಾತ್ರಿಕರು ಓಡುತ್ತ ಮೀಯುತ್ತಾರೆ. ಶ್ರೀವೈಷ್ಣವರ 108 ದಿವ್ಯದೇಶಗಳಲ್ಲಿ ಅದು ಒಂದು. ಟಿಬೆಟಿನ ಬೌದ್ಧರಿಗೂ ಅಷ್ಟೇ ಪವಿತ್ರ. ಗುಡಿಯ ಪರಿಚರ್ಯೆಯಲ್ಲಿ ಬೌದ್ಧ ಸಂನ್ಯಾಸಿನಿಯರ ಪಾಲೂ ಉಂಟು. ಕೆಳಗೆ ಹರಿಯುವ ಕಾಳಿಗಂಡಕಿಯಲ್ಲಿ ಸಾಲಿಗ್ರಾಮಗಳು ದೊರೆಯುತ್ತವೆ. ಹಿಮಾಲಯ ಹುಟ್ಟುವ ಮೊದಲು ಅಲ್ಲಿದ್ದ ಟೆಥಿಸ್ ಸಮುದ್ರದಲ್ಲಿ ಹತ್ತು ಕೋಟಿಗೂ ಹೆಚ್ಚು ವರ್ಷಗಳ ಹಿಂದೆ ಬದುಕಿದ್ದ ಅಮೋನೈಟ್ ಜೀವಿಗಳ ಚಿಪ್ಪುಗಳು ಕಲ್ಲಾಗಿ, ಚಕ್ರದ ಗುರುತನ್ನು ಒಳಗಿಟ್ಟುಕೊಂಡು, ನದಿಯಲ್ಲಿ ಉರುಳಿ ನುಣುಪಾದವು ಅವು. ಉಡುಪಿಯ ಕಡೆಯ ಎಷ್ಟೋ ಮನೆಗಳಲ್ಲಿ, ಅಲ್ಲಿಂದ ಡೊಂಬಿವಲಿಯ ಎರಡು ಕೋಣೆಗಳ ಮನೆಗಳಿಗೆ ಬಂದ ದೇವರ ಪೆಟ್ಟಿಗೆಗಳಲ್ಲಿ, ತಲೆತಲಾಂತರದಿಂದ ಅಭಿಷೇಕ ಪಡೆಯುತ್ತಿರುವ ಸಾಲಿಗ್ರಾಮ ಈ ನದಿಯದು. ಮನೆಯವರು ಯಾರೂ ಗಡಿಯನ್ನು ಕಾಣುವ ಮೊದಲೇ ಮನೆಯ ದೇವರು ಪರದೇಶದಿಂದ ಬಂದು ಕುಳಿತಿದ್ದನೆಂಬ ಅರಿವು, ಆ ನದಿಯ ಕಲ್ಲುಗಳ ನಡುವೆ ನಿಂತಾಗ, ಸ್ವದೇಶ ಪರದೇಶಗಳ ಕಲ್ಪನೆಯನ್ನೇ ಸಡಿಲಗೊಳಿಸುತ್ತದೆ.

ಕೈಲಾಸ ಮಾನಸಸರೋವರಗಳ ಯಾತ್ರೆ ರಾಜಕಾರಣದ ಏರಿಳಿತಗಳಿಗೆ ಎಂದಿನಿಂದಲೂ ಅಧೀನ. 1954ರ ಏಪ್ರಿಲ್ 29ರಂದು ಭಾರತ ಚೀನಾಗಳು ಟಿಬೆಟಿನ ವಿಷಯದಲ್ಲಿ ಮಾಡಿಕೊಂಡ ಒಪ್ಪಂದದಲ್ಲಿ ಯಾತ್ರಿಕರಿಗಾಗಿಯೇ ಒಂದು ವಿಧಿಯಿದ್ದಿತು; 1962ರ ಯುದ್ಧದೊಡನೆ ದಾರಿ ಮುಚ್ಚಿತು; 1981ರಲ್ಲಿ ಲಿಪುಲೇಖದ ಕಣಿವೆಯಿಂದ ಮತ್ತೆ ತೆರೆಯಿತು. 1998ರ ಆಗಸ್ಟಿನಲ್ಲಿ ಆ ದಾರಿಯ ಮಾಲ್ಪಾದಲ್ಲಿ ಬೆಟ್ಟ ಕುಸಿದು ಸುಮಾರು 60 ಯಾತ್ರಿಕರು ಮಡಿದರು. ಹೆಸರಘಟ್ಟದ ನೃತ್ಯಗ್ರಾಮವನ್ನು ಕಟ್ಟಿದ ಪ್ರತಿಮಾ ಬೇಡಿಯವರು ಅವರಲ್ಲಿ ಒಬ್ಬರು. 2015ರಲ್ಲಿ ನಾಥುಲಾದ ದಾರಿಯೂ ಸೇರಿತು. 2020ರ ಮಹಾಮಾರಿಯಿಂದ ನಿಂತುಹೋದ ಯಾತ್ರೆ 2025ರಲ್ಲಿ ಪುನಃ ಮೊದಲಾಯಿತು. ಸರ್ಕಾರದ ತಂಡದಲ್ಲಿ ಹೋಗುವವರಿಗೆ ಮೊದಲು ದಿಲ್ಲಿಯಲ್ಲಿ ವೈದ್ಯಕೀಯ ಪರೀಕ್ಷೆ. ಆಮೇಲೆ ತಂಡದವರೇ ಹಣದ ಲೆಕ್ಕಕ್ಕೆ, ಊಟಕ್ಕೆ, ಸಾಮಾನು ಸಾಗಿಸುವುದಕ್ಕೆ ಬೇರೆ ಬೇರೆ ಸಮಿತಿಗಳನ್ನು ಮಾಡಿಕೊಳ್ಳುತ್ತಾರೆ. 52 ಕಿಲೋಮೀಟರಿನ ಪರಿಕ್ರಮದಲ್ಲಿ 5,600 ಮೀಟರಿಗೂ ಎತ್ತರದ ಡೋಲ್ಮಾ ಕಣಿವೆಯನ್ನು ಏರುವಾಗ ಉಸಿರಿಗೇ ಬರಗಾಲ. ಆಗ ಮನುಷ್ಯನಿಗೆ ತನ್ನ ಪದವಿ, ಆಸ್ತಿ, ಪಾಂಡಿತ್ಯ ಯಾವುದೂ ನೆನಪಿಗೆ ಬರುವುದಿಲ್ಲ, ಮುಂದೆ ನಡೆಯುವವನ ಬೆನ್ನು ಮಾತ್ರ ಕಾಣುತ್ತದೆ.

ಇದು ಹಿಂದೂಗಳಿಗೆ ಮಾತ್ರ ಸೇರಿದ ಅನುಭವವೆಂದು ಭಾವಿಸತಕ್ಕದ್ದಲ್ಲ. ಮುಂಬಯಿಯ ಬಂದರಿನಿಂದ ಜೆದ್ದಾಕ್ಕೆ ಹೊರಟ ಹಜ್ ಯಾತ್ರಿಕರ ಹಡಗುಗಳು ಎಷ್ಟೋ ತಲೆಮಾರುಗಳ ಕಾಲ ಸಾವಿರಾರು ಮಂದಿಯನ್ನು ಒಂದೇ ಮಾಡಿನ ಕೆಳಗೆ ತಿಂಗಳ ಕಾಲುಭಾಗಕ್ಕೂ ಹೆಚ್ಚು ಕೂಡಿಸಿ ಒಯ್ದವು. 1877ರಲ್ಲಿ ಹುಟ್ಟಿದ ಮೊಘಲ್ ಲೈನ್ ಆ ಸೇವೆಗೆ ಹೆಸರಾಗಿದ್ದಿತು. ಸಮುದ್ರದ ಆ ದಾರಿ 1995ರಲ್ಲಿ ನಿಂತಿತು. ಅರಸನೂ ಆಳೂ ಒಂದೇ ಬಗೆಯ ಹೊಲಿಗೆಯಿಲ್ಲದ ಬಿಳಿಯ ಬಟ್ಟೆಯನ್ನು ಉಡುವ ಹಜ್‌ನ ನಿಯಮ ಸಮಾನತೆಯ ಪಾಠವನ್ನು ನೇರವಾಗಿ ಮೈಗೇ ತೊಡಿಸುತ್ತದೆ. ಥಾಣೆಯಲ್ಲಿ 1879ರಿಂದ ನಿಂತಿರುವ ಸಿನಗಾಗಿನ ಬೆನೆ ಇಸ್ರೇಲರಿಗೂ, ವಾಶಿ ಥಾಣೆಗಳಲ್ಲಿರುವ ಮಂಗಳೂರಿನ ಕ್ರೈಸ್ತರಿಗೂ ಜೆರುಸಲೇಮ್ ಇದೇ ಬಗೆಯ ದೂರದ ಕರೆ.

ತಂಡದ ಯಾತ್ರೆ ಮನುಷ್ಯನಿಗೆ ಕಲಿಸುವುದೇನು? ನಾನು ಕಂಡ ಮಟ್ಟಿಗೆ ಮೊದಲ ಎರಡು ದಿನ ಬಸ್ಸಿನ ಮುಂದಿನ ಆಸನಕ್ಕಾಗಿ, ಕಿಟಕಿಗಾಗಿ, ಬಿಸಿನೀರಿಗಾಗಿ ಸಣ್ಣ ಸಣ್ಣ ವ್ಯಾಜ್ಯಗಳಾಗುತ್ತವೆ. ಮೂರನೆಯ ದಿನ ಯಾರೋ ಒಬ್ಬರಿಗೆ ಜ್ವರ ಬರುತ್ತದೆ. ಮತ್ತೊಬ್ಬರ ಪೆಟ್ಟಿಗೆ ಹಿಂದೆ ಉಳಿಯುತ್ತದೆ. ಬೆಟ್ಟ ಜರಿದು ದಾರಿ ನಿಲ್ಲುತ್ತದೆ. ಅಲ್ಲಿಂದ ಮುಂದೆ ಜನರ ಸ್ವಭಾವ ತಿರುಗುತ್ತದೆ. ಜೀವಮಾನವೆಲ್ಲ ಅಧಿಕಾರಿಯಾಗಿದ್ದು ಮೊದಲು ಬಡಿಸಿಕೊಂಡವರು ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆ. ಗಂಡನ ಸಹಿಯಿಲ್ಲದೆ ಒಂದು ಕಾಗದವನ್ನೂ ಮುಟ್ಟದಿದ್ದ ಹೆಂಗಸು ಗಡಿಯ ಕಚೇರಿಯಲ್ಲಿ ತಾನೇ ಮಾತನಾಡಿ ಹತ್ತು ಮಂದಿಯ ಕಾಗದಗಳನ್ನು ಸರಿಪಡಿಸುತ್ತಾಳೆ. ಯಾರಿಗೂ ಏನೂ ಆಗಬೇಕಿಲ್ಲದವರು ಒಬ್ಬರಿಗೊಬ್ಬರು ಅಕ್ಕ, ಮಾಮ, ಮಾಮಿ ಆಗುತ್ತಾರೆ. ಕೇಳಿ ಪಡೆಯುವುದನ್ನು ಮರೆತಿದ್ದವರು ನೀರನ್ನು, ಕಂಬಳಿಯನ್ನು, ಮಾತ್ರೆಯನ್ನು, ಕೈಯಾಸರೆಯನ್ನು ಕೇಳಿ ಪಡೆಯುವುದನ್ನು ಅಭ್ಯಾಸ ಮಾಡುತ್ತಾರೆ. ಸಂಪಾದನೆಯ ಬಲದಿಂದ ಯಾರ ಹಂಗೂ ಇಲ್ಲದೆ ಬದುಕಿದೆನೆಂಬ ಭ್ರಮೆ ಪರನಾಡಿನಲ್ಲಿ ಕಳಚಿಬೀಳುವುದುಂಟಲ್ಲ, ಯಾತ್ರೆ ಕೊಡುವ ಆತ್ಮೋನ್ನತಿಯ ಆರಂಭ ಅದೇ ಎಂದು ನಾನು ನಂಬಿದ್ದೇನೆ. ಏಕಾಂತದ ತಪಸ್ಸು ಕೆಲವರಿಗೆ ಸಾಧ್ಯ. ನಮ್ಮಂಥ ಸಂಸಾರಿಗಳಿಗೆ ಸಂಘವೇ ತಪಸ್ಸು.

ಮುಕ್ತಿನಾಥದ ಮೆಟ್ಟಿಲುಗಳ ಕೆಳಗೆ ನಮ್ಮ ತಂಡದ ಹಿರಿಯ ಮಾಮಿಯೊಬ್ಬರನ್ನು ಕುದುರೆಯ ಮೇಲೆ ಕೂರಿಸಿಕೊಂಡ ಹುಡುಗನು, ನಾವು ಮುಂಬಯಿಯ ಕಡೆಯವರೆಂದು ತಿಳಿದೊಡನೆ, ತನ್ನ ಕಡೆಯ ಎಷ್ಟೋ ಮಂದಿ ಅಲ್ಲಿ ಕಟ್ಟಡಗಳನ್ನು ಕಾಯುತ್ತಿದ್ದಾರೆಂದು ಹಿಂದಿಯಲ್ಲಿ ಹೇಳಿದನು. ದಾರಿಯುದ್ದಕ್ಕೂ ಒಂದು ಕೈಯಲ್ಲಿ ಲಗಾಮನ್ನೂ ಇನ್ನೊಂದು ಕೈಯಲ್ಲಿ ಮಾಮಿಯವರ ತೋಳನ್ನೂ ಬಿಡದೆ ಹಿಡಿದಿದ್ದನು. ಇಳಿದ ಮೇಲೆ ಮಾಮಿ ಅವನ ತಲೆಯ ಮೇಲೆ ಕೈಯಿಟ್ಟು, ನನ್ನ ಕಡೆಗೆ ತಿರುಗಿ, “ಮನೆಗೆ ಹೋದ ಮೇಲೆ ನಮ್ಮ ಗೇಟಿನವನಿಗೆ ಊರು ಯಾವುದು, ಮನೆಯಲ್ಲಿ ಯಾರ್ಯಾರಿದ್ದಾರೆ ಎಂದು ಕೇಳಬೇಕು, ರಾಯರೇ” ಎಂದರು. ಗರ್ಭಗುಡಿಯನ್ನು ಪ್ರವೇಶಿಸುವ ಮೊದಲೇ ಅವರ ಯಾತ್ರೆ ಫಲಿಸಿತೆಂದು ನನಗೆ ಅನಿಸಿತು.

ಸೋಪಾರದ ನೆಲದಿಂದ 1956ರಲ್ಲಿ ಇನ್ನೊಂದು ಶಿಲಾಖಂಡ ಹೊರಬಂದಿತು. ಅದು ಅಶೋಕನ ಒಂಬತ್ತನೆಯ ಶಾಸನದ್ದು. ಜನರು ರೋಗ ಬಂದಾಗ, ಮದುವೆಗಳಲ್ಲಿ, ಮಕ್ಕಳು ಹುಟ್ಟಿದಾಗ, ಪ್ರವಾಸ ಹೊರಡುವಾಗ ನಾನಾ ಮಂಗಳಾಚಾರಗಳನ್ನು ಮಾಡುತ್ತಾರೆ. ಅವುಗಳ ಫಲ ಅಲ್ಪ. ಮಹಾಫಲವನ್ನು ಕೊಡುವ ಮಂಗಳವು ಧರ್ಮಮಂಗಳ. ಅದೆಂದರೆ ದಾಸರಲ್ಲಿಯೂ ಭೃತ್ಯರಲ್ಲಿಯೂ ಸರಿಯಾದ ನಡವಳಿಕೆ, ಗುರುಹಿರಿಯರಲ್ಲಿ ಗೌರವ, ಪ್ರಾಣಿಗಳಲ್ಲಿ ಸಂಯಮ, ಬ್ರಾಹ್ಮಣ ಶ್ರಮಣರಿಗೆ ದಾನ ಎಂಬುದು ಆ ಶಾಸನದ ಅಭಿಪ್ರಾಯ. ಭೃತ್ಯರನ್ನು ಚಕ್ರವರ್ತಿಯು ಪಟ್ಟಿಯ ಮೊದಲಲ್ಲಿ ಇಟ್ಟನು. ಆಚಾರಗಳಿಂದ ಹೊರಟ ಪ್ರಯಾಣಿಕನನ್ನು ಮನೆಯ ಸೇವಕನ ಕಡೆಗೆ ತಿರುಗಿಸಿದ ಈ ಉಪದೇಶ ನಾವು ದಿನವೂ ರೈಲಿನಲ್ಲಿ ಓಡಾಡುವ ಈ ಸೀಮೆಯ ಕಲ್ಲಿನ ಮೇಲೆಯೇ ಬರೆಯಲ್ಪಟ್ಟಿದ್ದಿತು.

ಥಾಣೆಯಿಂದ ಪನವೇಲಿನವರೆಗೆ ನಮ್ಮ ವಸತಿಸಂಕೀರ್ಣಗಳ ಬಾಗಿಲುಗಳಲ್ಲಿ ಹಗಲಿರುಳು ಕುಳಿತಿರುವವರಲ್ಲಿ ನೇಪಾಳದವರು ಬಹುಮಂದಿ. ನಾವು ಅವರ ದೇಶದಲ್ಲಿ ಹತ್ತು ದಿನ ಅತಿಥಿಗಳಾಗಿರುತ್ತೇವೆ. ಅವರು ನಮ್ಮ ನಡುವೆ ಹತ್ತಾರು ವರ್ಷ ಹೆಸರಿಲ್ಲದೆ ಬದುಕುತ್ತಾರೆ. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಸುಮಾರು ಒಂಬತ್ತು ಸಾವಿರ ಜನ ಮಡಿದಾಗ ನಮಗೆ ಅದು ಪಶುಪತಿಯ ಗುಡಿ ಉಳಿಯಿತೆಂಬ ಸಮಾಧಾನದ ವಾರ್ತೆ. ಅವರಿಗೆ ಬಿದ್ದುಹೋದ ಮನೆಯ ವಾರ್ತೆ. ಯಾತ್ರೆಗೆ ಮೊದಲು ಈ ಎರಡನ್ನೂ ಒಂದೇ ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಕಷ್ಟ, ಹೋಗಿಬಂದವರಿಗೆ ಕಷ್ಟವಲ್ಲ. ಅದೇ ರೀತಿ, ನವಿಮುಂಬಯಿಯ ಹೊಸ ಗೋಪುರಗಳ ಕೆಳಗೆ ತಗಡಿನ ಗುಡಿಸಲುಗಳಲ್ಲಿರುವ ನಮ್ಮದೇ ಮಾತನ್ನಾಡುವ ಕೂಲಿಕಾರರು ಪಂಢರಪುರಕ್ಕೋ ಸವದತ್ತಿಗೋ ಹೋಗಿಬರುವುದಕ್ಕೂ ಕೂಲಿಯನ್ನು ಬಿಡಬೇಕಾದವರೆಂಬುದನ್ನು, ವಿಮಾನದಲ್ಲಿ ಹಾರಿಹೋಗುವ ನಾವು ಮರೆಯತಕ್ಕದ್ದಲ್ಲ.

2025ರ ಅಕ್ಟೋಬರ್ 8ರಂದು ನವಿಮುಂಬಯಿಯ ವಿಮಾನನಿಲ್ದಾಣವು ಉದ್ಘಾಟಿತವಾಯಿತು. ಕಲ್ಯಾಣ ಸೋಪಾರಗಳ ರೇವುಗಳಲ್ಲಿ ಹೂಳು ತುಂಬಿ ಶತಮಾನಗಳಾದ ಮೇಲೆ ಈ ಸೀಮೆಗೆ ಮತ್ತೊಂದು ಮಹಾದ್ವಾರ ತೆರೆದಿದೆ; ಮುಂದಿನ ವರ್ಷಗಳಲ್ಲಿ ನಮ್ಮ ತಂಡಗಳು ಹೆಚ್ಚುವುದು ನಿಶ್ಚಯ, ಯಾತ್ರೆ ಸುಲಭವಾಗುವುದೂ ನಿಶ್ಚಯ. ಸುಲಭವಾದ ಯಾತ್ರೆ ಬೇಗನೆ ವಿಹಾರವಾಗಿ ಇಳಿದುಬಿಡುವ ಅಪಾಯವುಂಟು. ಅದನ್ನು ತಡೆಯುವ ಉಪಾಯ ದೊಡ್ಡದೇನಲ್ಲ; ಹಳೆಯ ಕಾಶೀಯಾತ್ರಿಕರ ಕೊನೆಯ ಕರ್ಮವನ್ನು ನಾವು ಬಿಡದೆ ಉಳಿಸಿಕೊಂಡರೆ ಸಾಕು. ಆದ್ದರಿಂದ ನಮ್ಮ ಸಂಘಗಳಲ್ಲಿಯೂ ಭಜನಾಮಂಡಳಿಗಳಲ್ಲಿಯೂ ನನ್ನದೊಂದು ವಿಜ್ಞಾಪನೆ. ನೇಪಾಳದಿಂದ ಬಂದು ಸಮಾರಾಧನೆ ಮಾಡುವಾಗ ಬಾಗಿಲು ಕಾಯುವ ನೇಪಾಳಿಯ ಕುಟುಂಬವನ್ನೂ ಪಕ್ಕದ ಕಟ್ಟಡದ ಕೆಲಸದಲ್ಲಿರುವ ಕಲಬುರಗಿಯ ಕುಟುಂಬವನ್ನೂ ಹೆಸರು ಹಿಡಿದು ಕರೆಯಿರಿ, ನಿಮ್ಮ ಪಂಕ್ತಿಯಲ್ಲಿಯೇ ಎಲೆ ಹಾಕಿರಿ, ಅವರ ಮಕ್ಕಳನ್ನು ಶಾಲೆಗೆ ಸೇರಿಸುವ ಭಾರವನ್ನು ತಂಡದ ಒಬ್ಬರಾದರೂ ಹೊತ್ತುಕೊಳ್ಳಿರಿ.